ಗೋಡೆಗೆ ಅಂಟಿಸುವ ಮುಂಚೆ ಸಾಹುಕಾರರಿಗೆ ತೋರಿಸಿ

ಮಂಡ್ಯದ ಪೇಟೆಬೀದಿಯಲ್ಲಿ ನೋಟ್‌ಬುಕ್, ಕಾಗದದ ಹೋಲ್‌ಸೇಲ್ ಅಂಗಡಿಯೊಂದರ ಗೋಡೌನ್ ನೋಡಿಕೊಳ್ಳುವ ಓದುಗರೊಬ್ಬರು ಬರೆದಿದ್ದಾರೆ:

"ನಮ್ಮ ಗೋಡೌನ್ ಎರಡನೇ ಮಹಡಿಯಲ್ಲಿದೆ. ಲಿಫ್ಟ್ ಇಲ್ಲ. ಮೆಟ್ಟಿಲು ಕಿರಿದು, ನಡುವೆ ತಿರುವು ಬೇರೆ. ಸ್ಕೂಲ್ ಶುರುವಾಗುವ ಮುಂಚೆ ಬೆಳಗಿನ ಜಾವಕ್ಕೇ ಲೋಡ್ ಬರುತ್ತದೆ, ನಾಲ್ಕು ಜನ ಹುಡುಗರು ಹೊತ್ತು ಹಾಕುತ್ತಾರೆ. ಈಚೆಗೆ ಒಬ್ಬನಿಗೆ ತಿರುವಿನಲ್ಲೇ ಸೊಂಟ ಹಿಡಿದುಕೊಂಡಿತು. ಗರಡಿಗೆ ಹೋಗುವ ಗಟ್ಟಿಮುಟ್ಟಾದ ಹುಡುಗ ಅವನು. ಸಾಹುಕಾರರು ಎಲ್ಲರಿಗೂ ಸೊಂಟದ ಬೆಲ್ಟ್ ತಂದುಕೊಟ್ಟಿದ್ದಾರೆ. ಅಷ್ಟು ಸಾಕೇ? ಭಾರ ಎತ್ತುವ ಸರಿಯಾದ ಕ್ರಮ ತಿಳಿಸಿ, ಗೋಡೆಗೆ ಅಂಟಿಸುತ್ತೇನೆ."

ಸಂಪಾದಕರ ಉತ್ತರ:

ಮೊದಲು ಆ ಹುಡುಗನ ವಿಷಯ. ಸೊಂಟ ಹಿಡಿದುಕೊಂಡ ನೋವು ಬಹಳಷ್ಟು ಜನರಿಗೆ ಕೆಲವು ವಾರಗಳಲ್ಲಿ ತಾನಾಗಿಯೇ ಇಳಿಯುತ್ತದೆ. ದಿನಗಟ್ಟಲೆ ಮಂಚ ಹಿಡಿದು ಮಲಗುವುದು ಬೇಡ, ತಡೆಯುವಷ್ಟು ಓಡಾಡಿಕೊಂಡಿದ್ದರೆ ಬೇಗ ಸರಿಹೋಗುತ್ತದೆ. ಆದರೆ ಕಾಲಿನ ಶಕ್ತಿ ಕುಂದಿದರೆ, ಒಳತೊಡೆ ಅಥವಾ ಕೂರುವ ಜಾಗ ಮರಗಟ್ಟಿದರೆ, ಮೂತ್ರ ಕಟ್ಟಿಕೊಂಡರೆ ಇಲ್ಲವೇ ಗೊತ್ತಾಗದ ಹಾಗೆ ಹೋದರೆ, ಎಣ್ಣೆ ತಿಕ್ಕಿಸಿಕೊಂಡು ನೋಡೋಣ ಅಂತ ಕಾಯಬೇಡಿ. ರಾತ್ರಿಯಾಗಿದ್ದರೂ ಸರಿ, ಆಗಲೇ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಬೆನ್ನಿನ ಕೆಳಭಾಗದ ನರಗಳು ಒತ್ತಿಕೊಂಡಾಗ ಹೀಗಾಗುತ್ತದೆ. ತಡವಾದರೆ ಆ ಶಕ್ತಿ ವಾಪಸ್ ಬರದೇ ಹೋಗಬಹುದು.

ನಿಮ್ಮ ಅಂಗಡಿಯಲ್ಲಿ ಇಎಸ್‌ಐ, ಅಂದರೆ ನೌಕರರ ರಾಜ್ಯ ವಿಮೆಗೆ ಕೂಲಿಯಿಂದ ಕಡಿತ ಇದ್ದರೆ, ಇದು ಕೆಲಸದ ವೇಳೆ ಆದ ಗಾಯ ಅಂತ ಬರವಣಿಗೆಯಲ್ಲಿ ದಾಖಲು ಮಾಡಿಸಿ. ದುಡಿಯಲಾಗದ ದಿನಗಳಿಗೆ ಕೂಲಿಯ 90 ಶೇಕಡಾದಷ್ಟು ಅಲ್ಲಿಂದ ಸಿಗುತ್ತದೆ. ಅವನು ಕೆಲಸಕ್ಕೆ ಬಂದ ಮೇಲೂ ಸ್ವಲ್ಪ ದಿನ ಕೆಳಗೆ ಬಿಲ್ಲು, ಲೆಕ್ಕ ನೋಡಿಕೊಳ್ಳಲಿ. ಕೂಲಿ ಮಾತ್ರ ಕಡಿಯಬೇಡಿ. ಕೂಲಿ ಕಡಿದರೆ ಉಳಿದ ಮೂವರು ನಾಳೆ ನೋವಾದರೂ ಬಾಯಿಬಿಡುವುದಿಲ್ಲ.

ಇನ್ನು ಬೆಲ್ಟು. ಸಾಹುಕಾರರ ಉದ್ದೇಶ ಒಳ್ಳೆಯದೇ, ದುಡ್ಡೂ ಖರ್ಚು ಮಾಡಿದ್ದಾರೆ. ಆದರೂ ಹೇಳಲೇಬೇಕು. ಕೆಲಸಗಾರರ ಸುರಕ್ಷತೆಯ ಬಗ್ಗೆ ಸಂಶೋಧನೆ ಮಾಡುವ ಅಮೆರಿಕದ ಸರ್ಕಾರಿ ಸಂಸ್ಥೆ ನಯಾಶ್ 1994ರಲ್ಲೇ ಇದನ್ನು ಪರಿಶೀಲಿಸಿತ್ತು. ಆರೋಗ್ಯವಾಗಿರುವವರಿಗೆ ಬೆಲ್ಟಿನಿಂದ ಬೆನ್ನಿನ ಗಾಯ ತಪ್ಪುತ್ತದೆ ಎನ್ನಲು ಆಧಾರವಿಲ್ಲ ಅಂತ ಅದು ಹೇಳಿತು. ಬೆಲ್ಟ್ ಇದೆಯಲ್ಲ ಅನ್ನುವ ಧೈರ್ಯದಲ್ಲಿ ಇನ್ನೊಂದು ಬಂಡಲ್ ಜಾಸ್ತಿ ಹೊತ್ತರೆ, ಕೆಡುಕೇ ಆಯಿತು.

ನೀವು ಕೇಳಿದ ಗೋಡೆಯ ಚೀಟಿಯ ಕಥೆಯೂ ಹೆಚ್ಚುಕಡಿಮೆ ಇದೇ. ಮಂಡಿ ಬಗ್ಗಿಸಿ ಎತ್ತಿ, ಬೆನ್ನು ನೆಟ್ಟಗಿರಲಿ ಅಂತ ನಾವೆಲ್ಲ ಕೇಳಿದ್ದೇವೆ. ತಪ್ಪು ಮಾತೇನಲ್ಲ. ಆದರೆ ಎತ್ತುವ ಕ್ರಮ ಕಲಿಸಿದ ಮಾತ್ರಕ್ಕೆ ಬೆನ್ನುನೋವು ಕಡಿಮೆಯಾಗಿದೆ ಅಂತ ಅಧ್ಯಯನಗಳಲ್ಲಿ ಕಂಡುಬಂದಿಲ್ಲ. ಕಾರಣ ನಿಮಗೇ ಗೊತ್ತಿರುತ್ತದೆ. ಲಾರಿಯವನು ಹಾರ್ನ್ ಹೊಡೆಯುತ್ತಿರುವಾಗ, ಹತ್ತಾರು ಸಲ ಹತ್ತಿ ಇಳಿದ ಮೇಲೆ, ಯಾರ ಮಂಡಿ ಬಗ್ಗುತ್ತದೆ? ಭಾರ ಹಾಗೇ ಇದ್ದು, ಮೆಟ್ಟಿಲು ಹಾಗೇ ಇದ್ದು, ಹುಡುಗರು ಮಾತ್ರ ಬದಲಾಗಲಿ ಅಂದರೆ ಆಗುವ ಕೆಲಸವಲ್ಲ. ಬದಲಾಗಬೇಕಾದ್ದು ಸಾಹುಕಾರರ ಕೈಯಲ್ಲಿದೆ. ಅದಕ್ಕೇ ಈ ಉತ್ತರವನ್ನು ಮೊದಲು ಅವರಿಗೆ ತೋರಿಸಿ.

ಭಾರದ ಲೆಕ್ಕ ನೋಡೋಣ. 75 ಜಿಎಸ್‌ಎಂನ (ಚದರ ಮೀಟರಿಗೆ 75 ಗ್ರಾಂ ತೂಗುವ) ಎ4 ಕಾಗದದ ಒಂದು ರೀಮ್, ಅಂದರೆ 500 ಹಾಳೆ, ಸುಮಾರು 2.3 ಕೆಜಿ. ಹತ್ತು ರೀಮಿನ ಪೆಟ್ಟಿಗೆ 23 ಕೆಜಿಗೆ ಬಂತು. ಎಲ್ಲವೂ ಅನುಕೂಲವಾಗಿದ್ದಾಗ ಎತ್ತಬಹುದಾದ ಮಿತಿ ಅಂತ ನಯಾಶ್ ತನ್ನ ಲೆಕ್ಕಕ್ಕೆ ಇಟ್ಟುಕೊಂಡಿರುವುದೂ 23 ಕೆಜಿಯನ್ನೇ. ಅನುಕೂಲ ಅಂದರೆ ಏನು? ಸಮತಟ್ಟಾದ ನೆಲ, ಮೈಗೆ ಹತ್ತಿರ ಇರುವ ಭಾರ, ಬಗ್ಗದೆ ತಿರುಚದೆ ಎತ್ತುವ ಎತ್ತರ, ಒಳ್ಳೆಯ ಹಿಡಿತ, ಬಿಡುವು. ನಿಮ್ಮ ಮೆಟ್ಟಿಲಲ್ಲಿ ಇದರಲ್ಲಿ ಎಷ್ಟಿದೆ ಹೇಳಿ? ಬಾಗಿಲಲ್ಲೇ ಮಿತಿ ಮುಟ್ಟಿದ ಪೆಟ್ಟಿಗೆ ಎರಡು ಮಹಡಿ ಹತ್ತುತ್ತದೆ. ಅದರ ಜೊತೆ ಪ್ರತಿ ಸಲವೂ ಹುಡುಗ ತನ್ನ ಮೈಭಾರವನ್ನೂ ಮೇಲೆತ್ತುತ್ತಾನೆ.

ಹುಡುಗ ಗಟ್ಟಿಯಾಗಿದ್ದ ಅಂದಿರಿ. ಗರಡಿಯಲ್ಲಿ ಗುಂಡು ಎತ್ತುವವನು ಮೈ ಬಿಸಿ ಮಾಡಿಕೊಂಡು, ಎರಡೂ ಕಾಲು ಊರಿ, ಒಂದು ಸಲ ಎತ್ತಿ ಇಳಿಸುತ್ತಾನೆ, ಆಮೇಲೆ ಸುಧಾರಿಸಿಕೊಳ್ಳುತ್ತಾನೆ. ನಿಮ್ಮಲ್ಲಿ ಹಾಗಲ್ಲ, ನಿದ್ದೆಗಣ್ಣಲ್ಲಿ ಬಂದು ನೇರ ಲಾರಿಗೆ ಕೈ ಹಾಕುತ್ತಾರೆ. ಬೆನ್ನುಮೂಳೆಗಳ ನಡುವಿನ ಡಿಸ್ಕ್‌ಗಳು ರಾತ್ರಿ ಮಲಗಿದಾಗ ನೀರು ಹೀರಿ ಉಬ್ಬಿರುತ್ತವೆ. ಎದ್ದ ಮೊದಲ ಒಂದು ಗಂಟೆ ಬಗ್ಗಿದರೆ ಅವುಗಳ ಮೇಲೆ ಬೀಳುವ ಒತ್ತಡ ಬೇರೆ ಹೊತ್ತಿಗಿಂತ ಜಾಸ್ತಿ. ಆಗ ನೆಲದಿಂದ ಭಾರ ಎತ್ತುವುದು ಬಹಳ ಅಪಾಯ. ಲಾರಿ ತಡವಾಗಿ ಬರಲು ಆಗದಿದ್ದರೆ, ಮೊದಲು ಬಿಲ್ ತಾಳೆ ನೋಡುವುದು, ಮೇಲೆ ಜಾಗ ಮಾಡುವುದು, ಮೆಟ್ಟಿಲು ಗುಡಿಸುವುದು ಇವೆಲ್ಲ ಮುಗಿಯಲಿ. ಆಮೇಲೆ ಪೆಟ್ಟಿಗೆ ಮುಟ್ಟಲಿ.

ಆ ತಿರುವಿನಲ್ಲಿ ಏನಾಯಿತು ಅಂತ ನೋಡದೆಯೂ ಊಹಿಸಬಹುದು. ಜಾಗ ಇಕ್ಕಟ್ಟು, ಪಾದ ತಿರುಗಿಸಲು ಆಗಿಲ್ಲ. ಪಾದ ಮುಂದಕ್ಕೆ ನೆಟ್ಟಿದೆ, ಪೆಟ್ಟಿಗೆ ಪಕ್ಕಕ್ಕೆ ಹೋಯಿತು, ನಡುವೆ ತಿರುಚಿಕೊಂಡದ್ದು ಸೊಂಟ. ಜೊತೆಗೆ ಪೆಟ್ಟಿಗೆ ಗೋಡೆಗೆ ತಾಗದಿರಲಿ ಅಂತ ಕೈ ಚಾಚಿರುತ್ತಾನೆ. ಭಾರ ಮೈಯಿಂದ ದೂರ ಹೋದಷ್ಟೂ ಸೊಂಟದ ಮೇಲಿನ ಎಳೆತ ಏರುತ್ತದೆ. ಬಗ್ಗುವುದು, ತಿರುಚುವುದು, ಭಾರ, ಮೂರೂ ಒಂದೇ ಕ್ಷಣಕ್ಕೆ ಸೇರಿದ ಜಾಗ ಅದು.

ಹಾಗಾದರೆ ಮಾಡಬೇಕಾದ್ದೇನು? ಎಲ್ಲಕ್ಕಿಂತ ಒಳ್ಳೆಯದು, ಭಾರ ಮೆಟ್ಟಿಲನ್ನೇ ಹತ್ತದಿರುವುದು. ರೀಮ್ ಪೆಟ್ಟಿಗೆಗಳಿಗೆ ಕೆಳಗೆ ಜಾಗ ಮಾಡಿ, ಹಗುರ ಸಾಮಾನು ಮೇಲೆ ಹೋಗಲಿ. ಫೈಲು, ಪೆನ್ನು, ಚಾರ್ಟು ಕೆಳಗೆ ಕೂತು, ಕಾಗದ ಮೇಲೆ ಹೋಗುವುದು ಎಷ್ಟೋ ಅಂಗಡಿಗಳಲ್ಲಿ ಸುಮ್ನೆ ರೂಢಿಯಿಂದ ನಡೆದುಬಂದಿರುತ್ತದೆ. ಅದಾಗದಿದ್ದರೆ, ಮನೆ ಕಟ್ಟುವ ಕಡೆ ಇಟ್ಟಿಗೆ, ಮರಳು ಮೇಲಕ್ಕೆ ಎಳೆಯುವ ಮೋಟಾರಿನ ಯಂತ್ರ ನೋಡಿರುತ್ತೀರಿ. ಹಿಂಬದಿಯಲ್ಲಿ ಕಿಟಕಿ ಅಥವಾ ಬಾಲ್ಕನಿ ಇದ್ದರೆ ಸೀಸನ್ ಮಟ್ಟಿಗೆ ಅಂಥದ್ದನ್ನು ಬಾಡಿಗೆಗೆ ತರಬಹುದೇ ಅಂತ ವಿಚಾರಿಸಿ. ಕೂರಿಸುವ ಕೆಲಸ ತಿಳಿದವರೇ ಮಾಡಲಿ. ಭಾರ ಏರುವಾಗ ಕೆಳಗೆ ಒಬ್ಬರೂ ನಿಲ್ಲಬಾರದು.

ಇವೆರಡೂ ಆಗದಿದ್ದರೆ ಮೇಜು ಮಾಡಿಸಿ. ಇದನ್ನು ಒತ್ತಿ ಹೇಳುತ್ತೇನೆ. ಬ್ರಿಟನ್ನಿನ ಸುರಕ್ಷತಾ ಇಲಾಖೆಯ ಮಾರ್ಗಸೂಚಿಯಲ್ಲಿ ಗಂಡಸರಿಗೆ, ಭಾರ ಸೊಂಟದ ಎತ್ತರದಲ್ಲಿ ಮೈಗೆ ಹತ್ತಿರ ಇದ್ದರೆ 25 ಕೆಜಿ ಅಂತ ಇದೆ. ಅದೇ ಭಾರ ನೆಲದ ಮೇಲಿದ್ದರೆ 10 ಕೆಜಿ ಮಾತ್ರ. ಹೆಂಗಸರಿಗೆ ಇದು 16 ಮತ್ತು 7. ನೆಲಕ್ಕೂ ಸೊಂಟಕ್ಕೂ ಇಷ್ಟು ವ್ಯತ್ಯಾಸ! ಲಾರಿಯಿಂದ ಇಳಿದ ಪೆಟ್ಟಿಗೆ ನೆಲ ಮುಟ್ಟದೆ ಮೆಟ್ಟಿಲ ಬುಡದ ಮೇಜಿಗೆ ಬರಲಿ. ಮೇಲೆ ಕೂಡ ಇನ್ನೊಂದು ಮೇಜಿರಲಿ. ತಿರುವಿನಲ್ಲಿ ಜಾಗವಿದ್ದರೆ ಗೋಡೆಗೆ ಒಂದು ಹಲಗೆ ಬಡಿಸಿ. ಪೆಟ್ಟಿಗೆಯನ್ನು ಅದರ ಮೇಲಿಟ್ಟು, ಪಾದ ತಿರುಗಿಸಿ ನಿಂತು, ಮತ್ತೆ ಎತ್ತಿಕೊಳ್ಳಬಹುದು. ಜಾಗವೇ ಇಲ್ಲದಿದ್ದರೆ ಹಲಗೆ ಬೇಡ, ಅದೇ ಅಡ್ಡಿಯಾಗುತ್ತದೆ.

ಪೆಟ್ಟಿಗೆಯನ್ನು ಕೆಳಗೇ ಒಡೆದು ಐದೈದು ರೀಮ್ ಮಾಡಿ ಸಾಗಿಸಿ. ಹನ್ನೊಂದೂವರೆ ಕೆಜಿ ಆಗುತ್ತದೆ. ಓಡಾಟ ಇಮ್ಮಡಿಯಾಗುತ್ತದೆ, ಟೈಮ್ ಹಿಡಿಯುತ್ತದೆ, ಸಾಹುಕಾರರು ಅದಕ್ಕೇ ಆಕ್ಷೇಪ ತೆಗೆಯುತ್ತಾರೆ. ಓಡಾಟ ಜಾಸ್ತಿಯಾದರೆ ಕಾಲು ಸೋಲುತ್ತದೆ ಅನ್ನುವುದೂ ನಿಜ. ಆದ್ದರಿಂದ ಲೋಡ್ ಬರುವ ದಿನ ಇನ್ನಿಬ್ಬರು ಹಮಾಲಿಗಳನ್ನು ಕರೆಯಿರಿ, ನಡುನಡುವೆ ನೀರು, ಟೀ ಅಂತ ಕೂರಿಸಿ. ಐದು ರೀಮ್ ಆದರೆ ಹೆಗಲ ಮೇಲೋ ಎದೆಗೊತ್ತಿಯೋ ಹಿಡಿದು, ಒಂದು ಕೈ ರೇಲಿಂಗ್ ಮೇಲೆ ಇಡಬಹುದು. ಮುಖ್ಯವಾಗಿ, ಮುಂದಿನ ಮೆಟ್ಟಿಲು ಕಣ್ಣಿಗೆ ಕಾಣುತ್ತದೆ. ದೊಡ್ಡ ಪೆಟ್ಟಿಗೆ ಹಿಡಿದವನಿಗೆ ತನ್ನ ಪಾದವೇ ಕಾಣುವುದಿಲ್ಲ. ಮಾಲು ಕೆಳಗಿಳಿಸುವಾಗಲಂತೂ ಇದು ಇನ್ನೂ ಅಪಾಯ.

ನೋಟ್‌ಬುಕ್ ಬಂಡಲ್‌ಗಳನ್ನು ಸುತಳಿ ಹಿಡಿದು ಎತ್ತುತ್ತಾರಲ್ಲ, ಅದನ್ನು ಬಿಡಿಸಿ. ಸುತಳಿ ಬೆರಳು ಕೊಯ್ಯುತ್ತದೆ, ಕೊಯ್ದ ಕಡೆ ಕೈ ಬದಲಿಸಲು ಹೋಗಿ ಮೈ ವಾಲುತ್ತದೆ. ಹಿಡಿ ಇರುವ ಗಟ್ಟಿ ಚೀಲವೋ ಕ್ರೇಟೋ ತರಿಸಿ.

ಬೀರು, ಮೇಜಿನಂಥ ಸಾಮಾನನ್ನು ಇಬ್ಬರು ಹೊರುವಾಗ ಭಾರ ಜಾಸ್ತಿ ಬೀಳುವುದು ಕೆಳಗಿನ ಮೆಟ್ಟಿಲಲ್ಲಿ ಇರುವವನ ಮೇಲೆ. ಗಟ್ಟಿಯಾದವನು ಅಲ್ಲಿರಲಿ. ಎತ್ತು, ನಿಲ್ಲು, ಇಳಿಸು ಅಂತ ಹೇಳುವವನು ಒಬ್ಬನೇ ಇರಲಿ, ಇಬ್ಬರೂ ಕೂಗಿದರೆ ಒಬ್ಬ ಎಳೆಯುವಾಗ ಇನ್ನೊಬ್ಬ ಇಳಿಸಿರುತ್ತಾನೆ. ಹವಾಯಿ ಚಪ್ಪಲಿ ಬೇಡ, ಹಿಡಿತವಿರುವ ಶೂ ಕೊಡಿಸಿ. ತಿರುವಿಗೆ ಒಂದು ಬಲ್ಬ್ ಹಾಕಿಸಿ. ಮಳೆ ಬಂದ ದಿನ ಮೆಟ್ಟಿಲು ಒರೆಸದೆ ಕೆಲಸ ಶುರುವಾಗಬಾರದು.

ಗಾಯವಾಗುವಷ್ಟು ಭಾರವನ್ನು ಯಾರಿಂದಲೂ ಹೊರಿಸಬಾರದು ಅಂತ 1948ರ ಕಾರ್ಖಾನೆ ಕಾಯ್ದೆಯ 34ನೇ ಕಲಮಿನಲ್ಲೇ ಬರೆದಿಟ್ಟಿದ್ದರು. ಅಂಗಡಿ ಕಾರ್ಖಾನೆ ಅಲ್ಲ, ನಿಜ. ಆದರೆ ಬೆನ್ನು ಎರಡು ಕಡೆಯೂ ಒಂದೇ ಅಲ್ವಾ? ಸಾಹುಕಾರರ ಹತ್ತಿರ ಮಾತಾಡುವಾಗ ಹುಡುಗರನ್ನೂ ಕೂರಿಸಿಕೊಳ್ಳಿ. ಯಾವ ಮೆಟ್ಟಿಲು ಸವೆದಿದೆ, ಎಲ್ಲಿ ಮೊಣಕೈ ಗೋಡೆಗೆ ತಾಗುತ್ತದೆ ಅಂತ ಅವರಿಗೇ ಚೆನ್ನಾಗಿ ಗೊತ್ತು. ಮೇಜು, ಹಲಗೆಗೆ ಬಡಗಿಯವರಿಗೆ ಈ ವಾರವೇ ಹೇಳಿ, ಮುಂದಿನ ಲೋಡ್ ಬರುವಷ್ಟರಲ್ಲಿ ಸಿದ್ಧವಾಗಿರಲಿ.