ನಾನು ಬರೆದ ಒಂದು ಹೆಸರು, ಅವರ ಮನೆಯ ಕಣ್ಣೀರು

ಪ್ರಶ್ನೆ: ಅಕ್ಕ, ನಾನು ಸೋಮವಾರಪೇಟೆ ಕಡೆಯವಳು, 34 ವರ್ಷ. ನಾಲ್ಕು ಎಕರೆ ಕಾಫಿ ತೋಟ ಇದೆ. ಈ ಸಲದ ಮಳೆಗೆ ಹೊರಗೆ ಕಾಲಿಡೋಕೂ ಆಗದೆ ಮನೆಯಲ್ಲೇ ಕೂತು, ಬೆಂಗಳೂರಿನ ಹೆಣ್ಣುಮಗಳೊಬ್ಬಳ ಕೊಲೆ ಕೇಸಿನ ವಿಡಿಯೊ ನೋಡೋಕೆ ಶುರು ಮಾಡಿದೆ. ಆಮೇಲೆ ಅದನ್ನೇ ಚರ್ಚೆ ಮಾಡುವ ವಾಟ್ಸಾಪ್ ಗುಂಪಿಗೂ ಸೇರಿದೆ. ಒಂದು ರಾತ್ರಿ ಸಿಸಿಟಿವಿ ಫೋಟೊ ಬಂತು. ಛತ್ರಿ ಹಿಡಿದ ಒಬ್ಬ ಗಂಡಸು, ಮುಖ ಸರಿಯಾಗಿ ಕಾಣಲ್ಲ. ನಿಂತ ಭಂಗಿ ನೋಡಿ ನಾನು, ‘ನಮ್ಮೂರಲ್ಲಿ ಪಿಕಪ್ ಓಡಿಸುವ ಇಂಥವರ ಹಾಗೇ ಇದ್ದಾರೆ, ಶುಂಠಿ ಲೋಡ್ ತಗೊಂಡು ಬೆಂಗಳೂರಿಗೆ ಹೋಗ್ತಿರ್ತಾರೆ’ ಅಂತ ಹೆಸರು ಸಮೇತ ಬರೆದುಬಿಟ್ಟೆ. ಬೆಳಗಾಗುವಷ್ಟರಲ್ಲಿ ಅವರ ಫೋಟೊ ಎಲ್ಲ ಕಡೆ ಇತ್ತು. ಮಗನ ಹುಟ್ಟುಹಬ್ಬದ್ದು. ಮುಖಕ್ಕೆ ಕೆಂಪು ಸುತ್ತು, ಕೈಯಲ್ಲಿದ್ದ ಕೇಕ್ ಚಾಕುವಿಗೆ ಇನ್ನೊಂದು ಸುತ್ತು. ಆವತ್ತು ಅವರು ತಾಯಿಯ ಜೊತೆ ಮೈಸೂರಿನ ಆಸ್ಪತ್ರೆಯಲ್ಲಿದ್ದರಂತೆ. ಪೊಲೀಸರು ವಿಚಾರಿಸಿ ಕಳಿಸಿದರು. ಆದರೆ ಈಗ ಅವರಿಗೆ ಬಾಡಿಗೆ ಸಿಗ್ತಿಲ್ಲ, ಮಗ ಶಾಲೆಗೆ ಹೋಗಲ್ಲ ಅಂತಾನೆ. ಅವರ ಹೆಂಡತಿ ಸ್ತ್ರೀಶಕ್ತಿ ಸಂಘದಲ್ಲಿ ನನ್ನ ಪಕ್ಕದಲ್ಲೇ ಕೂರೋದು. ಕಳೆದ ಶನಿವಾರ, ‘ಇದನ್ನ ಮೊದಲು ಬರೆದ ಕೈಗೆ ಹುಳ ಬೀಳಲಿ’ ಅಂತ ಅತ್ತರು. ನಾನೇ ಸಮಾಧಾನ ಮಾಡಿದೆ ಅಕ್ಕ. ಮೆಸೇಜ್ ಡಿಲೀಟ್ ಮಾಡಿದ್ದೇನೆ. ಯಜಮಾನರಿಗೂ ಗೊತ್ತಿಲ್ಲ. ಹೇಳಲಾ, ಸುಮ್ನಿರಲಾ?

ಉತ್ತರ: ಹೇಳಿ ತಂಗಿ. ಆಕೆ ನಿಮ್ಮ ಹೆಗಲಿಗೆ ಒರಗಿ ಅತ್ತಿದ್ದಾರೆ. ನಾಳೆ ಬೇರೆ ಯಾರೋ ಆ ಮೆಸೇಜಿನ ಸ್ಕ್ರೀನ್‌ಶಾಟ್ ತೋರಿಸಿದರೆ, ಗಂಡನ ಹೆಸರು ಹಾಳಾದ ನೋವಿಗಿಂತ ಆ ಶನಿವಾರದ ನೆನಪೇ ಆಕೆಗೆ ಜಾಸ್ತಿ ಚುಚ್ಚುತ್ತದೆ. ಡಿಲೀಟ್ ಮಾಡಿದ್ದೇನೆ ಅನ್ನುವ ಧೈರ್ಯ ಬೇಡ. ಅಷ್ಟು ದೊಡ್ಡ ಗುಂಪಿನಲ್ಲಿ ಯಾರ ಫೋನಿನಲ್ಲಿ ಏನು ಉಳಿದಿದೆಯೋ ನಿಮಗೆ ಗೊತ್ತಿಲ್ಲ.

ನಿಮ್ಮ ಪತ್ರ ಓದಿದ ಮೇಲೆ ಆ ಕೇಕ್ ಚಾಕು ಎರಡು ದಿನ ನನ್ನ ತಲೆಯಿಂದ ಹೋಗಲಿಲ್ಲ. ಪ್ಲಾಸ್ಟಿಕ್ಕಿನದ್ದೋ ಏನೋ, ಕೇಕಿನ ಜೊತೆ ಬೇಕರಿಯವರೇ ಕೊಡುತ್ತಾರಲ್ಲ, ಅಂಥದ್ದು. ಅಪ್ಪ ಮಗನ ಕೈ ಹಿಡಿದು ಕೇಕ್ ಕತ್ತರಿಸಿದ ಫೋಟೊ. ಅದಕ್ಕೆ ಸುತ್ತು ಹಾಕಿದವರು ಅವರನ್ನು ಕಣ್ಣಾರೆ ಕಂಡವರೂ ಅಲ್ಲ. ಆದರೆ ಒಮ್ಮೆ ಹೆಸರು ಸಿಕ್ಕಿದ ಮೇಲೆ ಎಲ್ಲವೂ ಸಾಕ್ಷಿಯ ಹಾಗೇ ಕಾಣುತ್ತದೆ. ನೀವು ‘ಹಾಗೇ ಇದ್ದಾರೆ’ ಅಂತ ಬರೆದಿರಿ. ಮುಂದೆ ಕಳಿಸಿದವರು ಆ ‘ಹಾಗೇ’ಯನ್ನು ಬಿಟ್ಟುಬಿಟ್ಟರು.

ನಿಮ್ಮನ್ನು ಕೆಟ್ಟವರು ಅಂತ ನಾನು ಹೇಳೋದಿಲ್ಲ. 2024ರ ಮೇ ತಿಂಗಳು ನೆನಪಿದೆಯಾ? ನಿಮ್ಮ ತಾಲ್ಲೂಕಿನಲ್ಲೇ, ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ದಿನವೇ ಪಾಸಾದ ಹುಡುಗಿಯೊಬ್ಬಳ ಕೊಲೆಯಾಯಿತು. ಇಡೀ ಕೊಡಗು ನಡುಗಿಹೋಗಿತ್ತು. ಆರೋಪಿ ನೇಣು ಹಾಕಿಕೊಂಡ ಅಂತ ಸುದ್ದಿ ಹಬ್ಬಿತು, ನಾನೂ ನಂಬಿದೆ, ನಾಲ್ಕು ಜನಕ್ಕೆ ಕಳಿಸಿದೆ. ಅದು ಸುಳ್ಳಾಗಿತ್ತು. ಅವನು ಬದುಕಿದ್ದ, ಪೊಲೀಸರು ಹಿಡಿದರು. ಅವನು ಇನ್ನೂ ಹೊರಗಿದ್ದಾಗಲೇ ‘ಸತ್ತ’ ಅಂತ ನಾವೆಲ್ಲ ಹೇಳಿಕೊಂಡು ತಿರುಗಿದ್ದೆವು. ಅಕ್ಕಪಕ್ಕದ ಊರಿನ ಹೆಣ್ಣುಮಕ್ಕಳು ಅದನ್ನು ನಂಬಿ ಒಬ್ಬೊಬ್ಬರೇ ತೋಟಕ್ಕೆ ಹೋಗಿದ್ದರೆ? ಆ ಯೋಚನೆ ಬಂದಾಗ ಇವತ್ತಿಗೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಸತ್ತ ಹೆಣ್ಣುಮಗಳ ಮೇಲೆ ನಿಮಗೆ ಮರುಕ ಹುಟ್ಟಿದ್ದು ನಿಜ, ಅದನ್ನು ಕಳೆದುಕೊಳ್ಳಬೇಡಿ. ಆದರೆ ಆ ಗುಂಪಿನಲ್ಲಿ ಕೂತು ಅವಳಿಗೆ ಏನು ಸಹಾಯ ಮಾಡೋಕೆ ಆಗುತ್ತಿತ್ತು ಹೇಳಿ. ಟವರ್ ಲೊಕೇಶನ್ ಅಂತ ಎಲ್ಲರೂ ಮಾತಾಡುತ್ತಾರೆ. ನಮ್ಮ ಕಡೆ ಒಂದು ಟವರ್‌ಗೆ ಎಷ್ಟು ಊರು ಬರುತ್ತದೆ ಅಂತ ನಿಮಗೇ ಗೊತ್ತು, ಫೋನ್ ಆ ಸುತ್ತಿನಲ್ಲಿತ್ತು ಅಂತ ಗೊತ್ತಾಗಬಹುದು, ಯಾವ ಮನೆಯ ಅಂಗಳದಲ್ಲಿತ್ತು ಅಂತ ಅದರಿಂದ ಗೊತ್ತಾಗಲ್ಲ. ಸಿಸಿಟಿವಿಯ ಗಡಿಯಾರ ಎಷ್ಟೋ ಕಡೆ ಹತ್ತು ನಿಮಿಷ ಹಿಂದೆ ಮುಂದೆ ಇರುತ್ತದೆ, ತನಿಖೆ ಮಾಡುವವರು ಆ ವ್ಯತ್ಯಾಸ ನೋಡಿಕೊಳ್ಳಬೇಕು. ಗುಂಪಿಗೆ ಬಂದ ಫೋಟೊದಲ್ಲಿ ಅದನ್ನು ನೋಡುವವರು ಯಾರು?

ಅಮೆರಿಕದ ಐಡಾಹೊ ರಾಜ್ಯದಲ್ಲಿ ಮಾಸ್ಕೊ ಅಂತ ಒಂದು ಸಣ್ಣ ಊರಿದೆ. 2022ರ ನವೆಂಬರ್ 13ರ ಬೆಳಗಿನ ಜಾವ ಅಲ್ಲಿ ನಾಲ್ವರು ಕಾಲೇಜು ವಿದ್ಯಾರ್ಥಿಗಳ ಕೊಲೆಯಾಯಿತು. ಒಂದೂವರೆ ತಿಂಗಳು ಯಾರ ಬಂಧನವೂ ಆಗಲಿಲ್ಲ. ಅಷ್ಟರಲ್ಲಿ ಮೊಬೈಲ್ ಹಿಡಿದ ಜನ ಅದೇ ಮನೆಯಲ್ಲಿ ಬದುಕುಳಿದ ಹುಡುಗಿಯರನ್ನು, ಹಳೆಯ ಪ್ರಿಯಕರನನ್ನು, ಆ ರಾತ್ರಿ ತಿಂಡಿ ಗಾಡಿಯ ಹತ್ತಿರ ನಿಂತಿದ್ದವನನ್ನು, ಎಲ್ಲರನ್ನೂ ಕೊಲೆಗಾರರನ್ನಾಗಿ ಮಾಡಿದ್ದರು. ಟ್ಯಾರೋ ಕಾರ್ಡ್ ಹಾಕಿ ಭವಿಷ್ಯ ಹೇಳುವ ಒಬ್ಬಾಕೆಯಂತೂ ಅಲ್ಲಿನ ಇತಿಹಾಸದ ಪ್ರಾಧ್ಯಾಪಕಿಯೇ ಮಾಡಿಸಿದ್ದು ಅಂತ ವಿಡಿಯೊ ಮೇಲೆ ವಿಡಿಯೊ ಹಾಕಿದರು. ಆ ಪ್ರಾಧ್ಯಾಪಕಿ ಆವತ್ತು ಊರಲ್ಲೇ ಇರಲಿಲ್ಲ, ನಿಮ್ಮೂರಿನ ಪಿಕಪ್‌ನವರು ಮೈಸೂರಲ್ಲಿದ್ದ ಹಾಗೆ. ಕೊನೆಗೆ ಡಿಸೆಂಬರ್ 30ಕ್ಕೆ ಸಿಕ್ಕಿದವನು ಪಕ್ಕದ ರಾಜ್ಯದ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದವನು, ಇವರು ಯಾರೂ ಅಲ್ಲ. 2025ರ ಜುಲೈನಲ್ಲಿ ತಪ್ಪು ಒಪ್ಪಿಕೊಂಡ. ಸ್ಥಳದಲ್ಲಿ ಸಿಕ್ಕಿದ ಚಾಕುವಿನ ಒರೆ, ಅದರ ಮೇಲಿದ್ದ ಡಿಎನ್‌ಎ ಮುಖ್ಯ ಸುಳಿವಾಗಿತ್ತು. ಬಂಧನ ಆಗುವವರೆಗೂ ಪೊಲೀಸರು ಆ ಒರೆಯ ಸುದ್ದಿಯನ್ನೇ ಹೊರಗೆ ಬಿಟ್ಟಿರಲಿಲ್ಲ. ಲಕ್ಷಾಂತರ ಜನ ಹಗಲು ರಾತ್ರಿ ತಲೆ ಕೆಡಿಸಿಕೊಂಡಿದ್ದು ಮುಖ್ಯ ವಸ್ತುವೇ ಗೊತ್ತಿಲ್ಲದೆ.

ಪೊಲೀಸರೇ ಎಡವುತ್ತಾರಲ್ಲ ಅಂತೀರಾ? ಹೌದು, ಎಡವುತ್ತಾರೆ. ನೋಯ್ಡಾದಲ್ಲಿ ಆರುಷಿ ಅನ್ನುವ ಹುಡುಗಿಯ ಕೊಲೆ ಪ್ರಕರಣದಲ್ಲಿ, 2008ರ ಮೇ ತಿಂಗಳಲ್ಲಿ, ಮನೆಗೆಲಸದವರೊಬ್ಬರು ಕಾಣುತ್ತಿಲ್ಲ ಅಂತ ಅವರೇ ಕೊಲೆ ಮಾಡಿ ಓಡಿಹೋದರು ಅಂದುಕೊಂಡರು. ಮರುದಿನ ಅದೇ ಮನೆಯ ತಾರಸಿ ಮೇಲೆ ಅವರ ಹೆಣ ಸಿಕ್ಕಿತು. ಅಧಿಕಾರ, ಲ್ಯಾಬ್, ನಾಯಿ ಎಲ್ಲ ಇರುವವರೇ ಇಷ್ಟು ತಪ್ಪುತ್ತಾರೆ ಅಂದ ಮೇಲೆ ನಮ್ಮ ಊಹೆಗೆ ಎಷ್ಟು ಬೆಲೆ?

ಇನ್ನೊಂದು ಮಾತು, ಇದು ಆ ಗುಂಪಿನವರಿಗೂ ಗೊತ್ತಾಗಲಿ. ಕಣ್ಣಿಂದ ನೋಡಿದ ಸಾಕ್ಷಿ ಇದ್ದರೆ ಆರೋಪಿಯನ್ನು ಬೇರೆಯವರ ಜೊತೆ ಸಾಲಾಗಿ ನಿಲ್ಲಿಸಿ ಗುರುತು ಹಿಡಿಸುತ್ತಾರೆ, ಐಡೆಂಟಿಫಿಕೇಶನ್ ಪೆರೇಡ್ ಅಂತ. ಫೋಟೊ ಮೊದಲೇ ಎಲ್ಲರ ಮೊಬೈಲಿಗೆ ಬಂದಿದ್ದರೆ, ‘ಸಾಕ್ಷಿ ಗುರುತಿಸಿದ್ದು ಫೋಟೊ ನೋಡಿ’ ಅಂತ ವಕೀಲರು ವಾದ ಮಾಡುತ್ತಾರೆ, ಕೋರ್ಟು ಆ ಗುರುತಿಗೆ ಬೆಲೆ ಕೊಡದೇ ಇರಬಹುದು. ಅಂದರೆ ನಿಜವಾದ ಕೊಲೆಗಾರ ಸಿಕ್ಕರೂ, ಈ ಫೋಟೊಗಳಿಂದ ಅವನಿಗೇ ಲಾಭವಾಗಬಹುದು.

ಈಗ ಹೇಗೆ ಹೇಳೋದು ಅಂತ ನೋಡೋಣ. ಮೊದಲು ಯಜಮಾನರಿಗೆ ಹೇಳಿ, ಇವತ್ತೇ. ರೇಗುತ್ತಾರೆ, ರೇಗಲಿ. ಊರಲ್ಲಿ ಯಾರದೋ ಬಾಯಿಂದ ಕೇಳಿದರೆ ಇನ್ನೂ ಕಷ್ಟ. ಮಾನಹಾನಿಗೆ ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಂ ಇದೆ. ಎರಡು ವರ್ಷದವರೆಗೆ ಸಜೆ, ದಂಡ, ಇಲ್ಲವೇ ಸಮುದಾಯ ಸೇವೆ. ಅವರು ಕೇಸ್ ಹಾಕಿದರೆ ಅದು ಅವರ ಹಕ್ಕು, ‘ಹಾಕಲ್ಲ ಅಂತ ಮಾತು ಕೊಡಿ’ ಅಂತ ಕೇಳೋಕೆ ಹೋಗಬೇಡಿ. ಭಯ ಆಗುತ್ತಿದ್ದರೆ ಮೊದಲು ಮಡಿಕೇರಿಯ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ಮಾತಾಡಿ, ಹೆಂಗಸರಿಗೆ ಅಲ್ಲಿ ಆದಾಯ ಎಷ್ಟೇ ಇದ್ದರೂ ವಕೀಲರ ಸಹಾಯ ಉಚಿತ. 15100ಕ್ಕೆ ಫೋನ್ ಮಾಡಿದರೂ ಆಗುತ್ತದೆ. ಆದರೆ ವಕೀಲರನ್ನು ಕೇಳುವ ನೆಪದಲ್ಲಿ ತಿಂಗಳುಗಟ್ಟಲೆ ತಳ್ಳಬೇಡಿ.

ಆಮೇಲೆ ಅವರ ಮನೆಗೆ ಹೋಗಿ. ಸಂಘದ ಮೀಟಿಂಗಿನಲ್ಲಿ ಎಲ್ಲರ ಎದುರು ಹೇಳಬೇಡಿ, ಆಕೆ ಅಲ್ಲಿ ಬಾಯಿ ತೆರೆಯೋಕೂ ಆಗದೆ ಕೂರಬೇಕಾಗುತ್ತದೆ. ಗಂಡ ಹೆಂಡತಿ ಇಬ್ಬರೂ ಇರುವಾಗ, ಮಗ ಇಲ್ಲದಾಗ ಹೋಗಿ. ಹಣ್ಣು, ಸ್ವೀಟು ಏನೂ ಬೇಡ. ‘ಆ ಹೆಸರು ಮೊದಲು ಬರೆದಿದ್ದು ನಾನು’ ಅಂತ ಮೊದಲ ಮಾತಲ್ಲೇ ಹೇಳಿ. ಮಳೆ, ಬೇಜಾರು, ಒಂಟಿತನ, ಇದನ್ನೆಲ್ಲ ನನಗೆ ಬರೆದಿರಿ, ಸರಿ. ಅಲ್ಲಿ ಬೇಡ. ಕ್ಷಮಿಸಿ ಅನ್ನಿ, ಆದರೆ ಆಕೆ ‘ಆಯ್ತು’ ಅನ್ನಲಿ ಅಂತ ಕಾಯಬೇಡಿ. ಬೈದರೆ ಕೇಳಿಸಿಕೊಳ್ಳಿ. ಆ ಶಾಪ ನಿಮಗೇ ತಟ್ಟುತ್ತದೆ ಅಂತ ಹೆದರಿ ಹೇಳುತ್ತಿದ್ದೀರಿ ಅಂತಾದರೆ ಇನ್ನೆರಡು ದಿನ ತಡೆಯಿರಿ. ಆ ಹುಡುಗ ಶಾಲೆಗೆ ಹೋಗದೆ ಮನೆಯಲ್ಲಿ ಕೂತಿರುವುದನ್ನು ಯೋಚನೆ ಮಾಡಿ, ಆಮೇಲೆ ಹೋಗಿ.

ಗುಂಪಿನಲ್ಲಿ ತಪ್ಪು ತಿದ್ದಿ ಬರೆಯಲೇಬೇಕು, ಆದರೆ ಅವರನ್ನು ಕೇಳಿ ಬರೆಯಿರಿ. ಬಹಳ ಜನ ಇಲ್ಲೇ ಎಡವುತ್ತಾರೆ, ಒಳ್ಳೆಯದು ಮಾಡೋಕೆ ಹೋಗಿ ಅದೇ ಹೆಸರನ್ನು ಮತ್ತೊಮ್ಮೆ ಬೀದಿಗೆ ತರುತ್ತಾರೆ. ಅವರ ಹೆಸರು ಬೇಕಾ ಬೇಡವಾ, ಅವರು ಹೇಳಲಿ. ನಿಮ್ಮ ಹೆಸರು ಮಾತ್ರ ಇರಲಿ. ‘ಅದನ್ನು ಬರೆದವಳು ನಾನು, ಯಾವ ಆಧಾರವೂ ಇರಲಿಲ್ಲ, ಆವತ್ತು ಅವರು ಬೇರೆ ಊರಲ್ಲಿದ್ದರು, ಫೋಟೊ ಇಟ್ಟುಕೊಂಡವರು ದಯವಿಟ್ಟು ಅಳಿಸಿ.’ ಇಷ್ಟು ಸಾಕು. ಪೊಲೀಸರು ಏನಾದರೂ ಕೇಳಿದರೆ ಹೆಸರು ಎಲ್ಲಿಂದ ಹುಟ್ಟಿತು ಅಂತ ನಿಜ ಹೇಳಿ. ಮುಂದೆ ಯಾವತ್ತಾದರೂ ನಿಜವಾಗಿ ಏನಾದರೂ ಕಂಡರೆ ಠಾಣೆಗೆ ಹೇಳಿ, ಗುಂಪಿಗಲ್ಲ.

ಮತ್ತೆ ಆ ಬಾಡಿಗೆ ವಿಷಯ. ನಿಮ್ಮ ತೋಟದ ಕಾಫಿ ಮೂಟೆ ಯಾರ ಗಾಡಿಯಲ್ಲಿ ಹೋಗುತ್ತದೆ? ಅವರು ಒಪ್ಪಿದರೆ, ಈ ಸಲದ ಲೋಡು ಅವರ ಪಿಕಪ್‌ನಲ್ಲೇ ಹೋಗಲಿ, ಬಾಡಿಗೆ ಪೂರ್ತಿ ಕೊಡಿ, ಪೇಟೆಯಲ್ಲಿ ನಾಲ್ಕು ಜನ ನೋಡುವ ಹಾಗೆ ಯಜಮಾನರು ಮುಂದಿನ ಸೀಟಿನಲ್ಲಿ ಅವರ ಪಕ್ಕ ಕೂತು ಹೋಗಲಿ.