ಲಾಲ್‌ಬಾಗ್ ಬಂಡೆ ಕರಗಿತ್ತಾ?

ಪ್ರಶ್ನೆ: ಲಾಲ್‌ಬಾಗ್ ಬಂಡೆ ಮೇಲೆ ಕಪ್ಪು-ಬಿಳಿ ಪಟ್ಟೆಗಳು ಹಾವಿನ ಥರ ಸುತ್ಕೊಂಡಿವೆಯಲ್ಲ ಸಾರ್, ಕಲ್ಲು ಏನಾದ್ರೂ ಕರಗಿತ್ತಾ?

ಉತ್ತರ: ಅರ್ಧಂಬರ್ಧ ಕರಗಿತ್ತು ಕಣ್ರೀ. ನಾವು ಕಡ್ಲೆಕಾಯಿ ತಿಂತಾ ಕೂರೋ ಆ ನೈಸ್ (gneiss, ಬಿಸಿ-ಒತ್ತಡಕ್ಕೆ ಸಿಕ್ಕಿ ರೂಪ ಬದಲಾದ ಪಟ್ಟೆ ಪಟ್ಟೆ ಕಲ್ಲು) ಬಂಡೆಗೆ ಸುಮಾರು 300 ಕೋಟಿ ವರ್ಷ. ಭೂಮಿಯ ಆಳದಲ್ಲಿ ಬಿಸಿ 650-700 ಡಿಗ್ರಿ ದಾಟಿ ಜೊತೆಗೆ ನೀರಿನಂಶನೂ ಇದ್ರೆ ಮೊದಲು ಕರಗೋದು ಬಿಳಿ ಖನಿಜಗಳು, ಅಂದ್ರೆ ಕ್ವಾರ್ಟ್ಸ್, ಫೆಲ್ಡ್‌ಸ್ಪಾರ್, ಆದ್ರೆ ಕಪ್ಪು ಬಯೋಟೈಟ್, ಹಾರ್ನ್‌ಬ್ಲೆಂಡ್ ಹಠಮಾರಿಗಳು, ಬಹುಪಾಲು ಹಾಗೇ ಉಳ್ಕೊಳ್ತವೆ. ಕರಗಿದ್ದು ಸಂದೀಲಿ ಸೇರಿ ಗಟ್ಟಿಯಾದ್ರೆ ಬಿಳಿ ಪಟ್ಟೆ. ಈ ಬೆರಕೆ ಕಲ್ಲೇ ಮಿಗ್ಮಟೈಟ್. ನೀರು ಕಮ್ಮಿಯಾಗಿ ಬಿಸಿ ಇನ್ನೂ ಏರಿದ್ರೆ ಗ್ರಾನ್ಯುಲೈಟ್ ಅನ್ನೋ ಇನ್ನೊಂದು ಥರದ ಕಲ್ಲಾಗತ್ತೆ. ಕನಕಪುರ ಕಡೆ ಹೋದ್ರೆ ಕಬ್ಬಾಳುದುರ್ಗದ ಕ್ವಾರಿ ನೋಡಿ, ಬೂದು ನೈಸ್ ಮಧ್ಯೆ ಎಣ್ಣೆ ಸವರಿದಂಗೆ ಹಸಿರುಗಪ್ಪು ಚಾರ್ನೊಕೈಟ್ (ಅದೂ ಒಂಥರ ಗ್ರಾನ್ಯುಲೈಟೇ) ಮಚ್ಚೆ ಮಚ್ಚೆಯಾಗಿ ಕಾಣತ್ತೆ.