ಒಂದೇ ಕಾನೂನಿದ್ದರೆ ಸಾಕೇ?

ಮಾನ್ಯ ಓದುಗರೇ,

ಬೇರೆ ಬೇರೆ ಸಮುದಾಯಗಳ ಸಂಸ್ಕೃತಿಗೆ ಮನ್ನಣೆ ಕೊಡುವ ಕೆನಡಾದ ಬಹುಸಂಸ್ಕೃತಿ ನೀತಿಯ ಕುರಿತು ಕಳೆದ ಸಂಚಿಕೆಯಲ್ಲಿ ಬಂದ ಲೇಖನವನ್ನು ಓದಿ, ‘ಎಲ್ಲರಿಗೂ ಒಂದೇ ಕಾನೂನು, ಒಂದೇ ಹಕ್ಕು ಇದ್ದ ಮೇಲೆ ಗುಂಪು ಗುಂಪಿಗೆ ಬೇರೆ ಮನ್ನಣೆ ಏಕೆ?’ ಎಂದು ಕೇಳಿದ್ದೀರಿ. ಮುಚ್ಚುಮರೆಯಿಲ್ಲದೆ ಕೇಳಿದ್ದಕ್ಕೆ ಸಂತೋಷ. ಗುಂಪಿಗೆ ಸಿಕ್ಕ ಮನ್ನಣೆ ಆ ಗುಂಪಿನೊಳಗಿನ ಹೆಣ್ಣುಮಕ್ಕಳ ಬಾಯಿ ಕಟ್ಟಬಹುದೆಂದು ಸ್ತ್ರೀವಾದಿ ಚಿಂತಕಿ ಸೂಸನ್ ಮೋಲರ್ ಓಕಿನ್ ಎಚ್ಚರಿಸಿದ್ದರು. ಅದನ್ನು ನಾನೂ ಒಪ್ಪುತ್ತೇನೆ. ಆದರೆ ‘ಒಂದೇ ಕಾನೂನು’ ಎಂಬ ಮಾತನ್ನು ತಾವು ತೀರ ಸಲೀಸಾಗಿ ಆಡಿದ್ದೀರಿ.

ಭಾನುವಾರ ವ್ಯಾಪಾರ ಮಾಡಬಾರದೆಂಬ 1906ರ ಕಾನೂನು ಕೆನಡಾದಲ್ಲಿ ಎಲ್ಲರಿಗೂ ಒಂದೇ ಆಗಿತ್ತು. ಶನಿವಾರದ ವಿಶ್ರಾಂತಿಯನ್ನು ಧರ್ಮವೆಂದು ಪಾಲಿಸುವ ಯಹೂದಿ ವ್ಯಾಪಾರಿ ಮಾತ್ರ ವಾರಕ್ಕೆ ಎರಡು ದಿನ ಅಂಗಡಿ ಮುಚ್ಚಬೇಕಿತ್ತು. 1985ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಅದನ್ನು ರದ್ದುಪಡಿಸಿತು. 1990ರಲ್ಲಿ ಸಿಖ್ಖರು ಪೇಟ ಧರಿಸಿಯೇ ರಾಷ್ಟ್ರೀಯ ಪೊಲೀಸ್ ದಳದಲ್ಲಿ ದುಡಿಯಲು ಅವಕಾಶ ಸಿಕ್ಕಾಗ, ಸಂಪ್ರದಾಯ ಕೆಟ್ಟಿತೆಂಬ ಕೂಗೆದ್ದಿತು. ದಳದ ಅಗಲ ಅಂಚಿನ ಟೋಪಿಯೂ ಯಾರದೋ ಒಂದು ಜನರ ಸಂಪ್ರದಾಯವೇ ಎಂಬುದು ಕೂಗಿದವರಿಗೆ ಹೊಳೆಯಲಿಲ್ಲ.

ಮನ್ನಣೆಯೆಂದರೆ ಸೌಜನ್ಯಕ್ಕಾಗಿ ಕೊಡುವಂಥದ್ದಲ್ಲ, ಮನುಷ್ಯನಿಗೆ ಬೇಕೇಬೇಕಾದದ್ದು ಎಂದು ಕೆನಡಾದ ತತ್ತ್ವಜ್ಞಾನಿ ಚಾರ್ಲ್ಸ್ ಟೇಲರ್ 1992ರಲ್ಲಿ ವಾದಿಸಿದರು. ಅದನ್ನು ಓದುವಾಗ ನನಗೆ ನೆನಪಾದವನು ನನ್ನ ಶಾಲೆಯ ಸಹಪಾಠಿ. ಹಾಜರಿ ಕೂಗುವ ಮೇಷ್ಟರು ಅವನ ಹೆಸರು ನಾಲಿಗೆಗೆ ಹೊರಳುವುದಿಲ್ಲವೆಂದು ಅರ್ಧಕ್ಕೆ ಮುರಿದು ಕರೆಯುತ್ತಿದ್ದರು. ಮೊದಲ ವಾರ ಅವನು ಎದ್ದು ನಿಂತು ತಿದ್ದಿದ. ಆಮೇಲೆ ಮುರಿದ ಹೆಸರಿಗೇ ಓಗೊಟ್ಟ. ವರ್ಷದ ಕೊನೆಗೆ ತನ್ನ ಪುಸ್ತಕದ ಮೇಲೆ ತಾನೇ ಹಾಗೆ ಬರೆದುಕೊಂಡ. ಬೆಂಚು, ಪಾಠ, ಪರೀಕ್ಷೆ ಎಲ್ಲವೂ ಅವನಿಗೂ ನಮಗೂ ಒಂದೇ ಆಗಿದ್ದವು.

ನನ್ನ ದೂರು ಸರ್ಕಾರಗಳ ಮೇಲೂ ಇದೆ. 1971ರಲ್ಲಿ ಕೆನಡಾ ಬಹುಸಂಸ್ಕೃತಿ ನೀತಿಯನ್ನು ಘೋಷಿಸಿದ ಮೇಲೆ ಹಲವು ದೇಶಗಳು ಅದೇ ದಾರಿ ಹಿಡಿದವು; ಆದರೆ ಉತ್ಸವದ ವೇದಿಕೆಯ ಮೇಲೆ ಕುಣಿಯಲು ಕರೆಯುವಷ್ಟು ಉತ್ಸಾಹವನ್ನು ತೀರ್ಮಾನ ಕೈಗೊಳ್ಳುವ ಮೇಜಿಗೆ ಕರೆಯುವಾಗ ಯಾರೂ ತೋರುವುದಿಲ್ಲ. ಹೀಗೆ ಅರೆಮನಸ್ಸಿನಿಂದ ನಡೆಸಿ, 2010ರಲ್ಲಿ ಜರ್ಮನಿಯ ಆಗಿನ ಚಾನ್ಸಲರ್ ಮರ್ಕೆಲ್ ಆಡಿದ ‘ಪ್ರಯೋಗವೇ ಸೋತಿತು’ ಎಂಬ ಮಾತನ್ನೇ ಸಾರುವುದು ನ್ಯಾಯವಲ್ಲ.

ಕೆನಡಾದ ಮೂಲನಿವಾಸಿ ಮಕ್ಕಳನ್ನು ಮನೆಯಿಂದ ಬೇರ್ಪಡಿಸಿ ಇಟ್ಟಿದ್ದ ವಸತಿ ಶಾಲೆಗಳಲ್ಲಿ ಎಷ್ಟೋ ಮಕ್ಕಳಿಗೆ ಹೊಸ ಹೆಸರು ಹಚ್ಚಿ, ಒಂದೊಂದು ಸಂಖ್ಯೆ ಕೊಟ್ಟಿದ್ದರು. 2008ರಲ್ಲಿ ಪ್ರಧಾನಿ ಸಂಸತ್ತಿನಲ್ಲಿ ಕ್ಷಮೆ ಕೇಳಿದರು. ಪಾಸ್‌ಪೋರ್ಟಿನಲ್ಲಿ ತಮ್ಮ ಮೂಲ ಹೆಸರನ್ನು ಶುಲ್ಕವಿಲ್ಲದೆ ಮರಳಿ ಪಡೆಯುವ ಅವಕಾಶ ಆ ಶಾಲೆಗಳಲ್ಲಿದ್ದವರಿಗೆ ಘೋಷಣೆಯಾದದ್ದು 2021ರಲ್ಲಿ.